ಗೊತ್ತುಂಟು ಸರ್

ಸ್ಕೌಟ್ ಶಿಬಿರದಲ್ಲಿ ಬಿದಿರು ಕಟ್ಟಿ ಮಾಡಿದ ತಟ್ಟೆ ಸ್ಟ್ಯಾಂಡ್ ಬಿದ್ದದ್ದು ಬುಧವಾರ ಮಧ್ಯಾಹ್ನ, ಗಂಜಿ ಊಟಕ್ಕೆ ಇನ್ನು ಐದೇ ನಿಮಿಷ ಇರುವಾಗ. ಎಂಟೆಂಟು ಮಕ್ಕಳ ನಾಲ್ಕು ತಂಡ, ಸ್ಕೌಟಿನ ಭಾಷೆಯಲ್ಲಿ ಪೆಟ್ರೋಲ್; ಒಟ್ಟು 32 ಸ್ಟೀಲ್ ತಟ್ಟೆ. (ಮಗ ಪೆಟ್ರೋಲ್ ಲೀಡರ್ ಆದ ಎಂದರೆ ಊರಿನ ಅಜ್ಜಂದಿರು ಈಗಲೂ ಯಾವ ಬಂಕಿನಲ್ಲಿ ಎಂದು ಕೇಳುತ್ತಾರೆ.) ಮುರಕಲ್ಲಿನ ಅಂಗಳಕ್ಕೆ ಅಷ್ಟೂ ಒಟ್ಟಿಗೆ ಬಿದ್ದ ಸದ್ದಿಗೆ ಗೇರುಮರದ ಕಾಗೆಗಳು ಎದ್ದು ಹೋದವು, ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಸ್ಟ್ಯಾಂಡ್ ಕಟ್ಟಿದ ಹುಡುಗ ಮಾತ್ರ ಮಿಸುಕಲಿಲ್ಲ. "ಫ್ರಾಪಿಂಗ್ ಹಾಕಲಿಲ್ವಾ?" ಎಂದರೆ ಅವನ ಉತ್ತರ: "ಅದು ಗೊತ್ತುಂಟು ಸರ್."

ಗೊತ್ತುಂಟಂತೆ!

ಸ್ಕ್ವೇರ್ ಲ್ಯಾಶಿಂಗ್, ಅಂದರೆ ಎರಡು ಗಳಗಳನ್ನು ಅಡ್ಡಡ್ಡ ಇಟ್ಟು ಹಗ್ಗದಲ್ಲಿ ಕಟ್ಟುವುದು, ರಾಕೆಟ್ ವಿಜ್ಞಾನ ಅಲ್ಲ ಮಾರಾಯರೆ. ಎರಡು ಗಳಗಳ ದಪ್ಪ ಕೂಡಿಸಿ, ಇಂಚಿಗೊಂದು ಗಜದ ಲೆಕ್ಕದಲ್ಲಿ ಹಗ್ಗ ತೆಗೆದುಕೊಳ್ಳಬೇಕು. ನಿಂತ ಬಿದಿರಿಗೆ, ಅಡ್ಡ ಬಿದಿರು ಬರುವ ಜಾಗದ ಸ್ವಲ್ಪ ಕೆಳಗೆ, ಒಂದು ಕ್ಲೋವ್ ಹಿಚ್, ಗಳಕ್ಕೆ ಹಗ್ಗ ಬಿಗಿಯುವ ಗಂಟು. ಆಮೇಲೆ ಅಡ್ಡದ ಮುಂದೆ, ನಿಂತದ್ದರ ಹಿಂದೆ, ಹೀಗೆ ಮೂರು ಸುತ್ತು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಇದರ ನಂತರದ್ದು ಫ್ರಾಪಿಂಗ್: ಎರಡು ಬಿದಿರುಗಳ ನಡುವಿನ ಸಂದಿಯಲ್ಲಿ ಹಗ್ಗ ತೂರಿಸಿ, ಸುತ್ತಿದ ಹಗ್ಗವನ್ನೇ ಸೊಂಟ ಹಿಡಿದು ಹಿಂಡಿದ ಹಾಗೆ ಎರಡು ಸುತ್ತು ಎಳೆದು, ಅಡ್ಡ ಬಿದಿರಿನ ಮೇಲೆ ಮತ್ತೊಂದು ಕ್ಲೋವ್ ಹಿಚ್ ಹಾಕಿ ಮುಗಿಸುವುದು. ಬಿಗಿ ಬರುವುದು ಈ ಎರಡು ಸುತ್ತಿನಲ್ಲಿ. ಇದನ್ನು ಬಿಟ್ಟರೆ ಕಟ್ಟು ನೋಡಲಿಕ್ಕೆ ಬಹಳ ಚಂದ ಇರುತ್ತದೆ, ಫೋಟೋಕ್ಕೆ ನಿಲ್ಲುತ್ತದೆ, ಬಿದಿರಿನ ನುಣುಪಿಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತಾ ಊಟದ ಹೊತ್ತಿಗೆ ಸರಿಯಾಗಿ ನೆಲ ಮುಟ್ಟುತ್ತದೆ. ಅದರ ಮೇಲೆ ತೆಂಗಿನ ನಾರಿನ ಹುರಿ ಚುಚ್ಚುತ್ತದೆ ಎಂದು ನೈಲಾನ್ ಹಗ್ಗ ಬೇರೆ. ಕೈಗೆ ಚುಚ್ಚುವ ಹಗ್ಗವೇ ಬಿದಿರನ್ನೂ ಕಚ್ಚಿಕೊಳ್ಳುವುದು.

ಈ ಹುಡುಗನ ವಿಶೇಷ ಏನೆಂದರೆ, ಅವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಟೆಂಟಿನ ಗೂಟವನ್ನು ನೆಟ್ಟಗೆ ಹೊಡೆಯಬಾರದು, ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು. ಗೊತ್ತುಂಟು ಸರ್. ಹೊಡೆದದ್ದು ನೆಟ್ಟಗೆ, ಅದೂ ಮುರಕಲ್ಲಿನ ಮೇಲೆ; ಗೂಟ ಪ್ರಶ್ನಾರ್ಥಕ ಚಿಹ್ನೆಯಾಗಿ ಎದ್ದು ಬಂತು. ರಾತ್ರಿ ಮಳೆ ಬರುವ ಹಾಗಿದೆ, ಹತ್ತಿಯ ಹಗ್ಗ ಒದ್ದೆಯಾದರೆ ಕುಗ್ಗುತ್ತದೆ, ಮಲಗುವ ಮುಂಚೆ ಸ್ವಲ್ಪ ಸಡಿಲ ಬಿಡು. ಗೊತ್ತುಂಟು ಸರ್. ಎರಡು ಗಂಟೆಗೆ ಮಳೆ ಬಂತು, ಹಗ್ಗ ಕುಗ್ಗಿತು, ಉಳಿದಿದ್ದ ಗೂಟಗಳೂ ಕಿತ್ತು ಬಂದವು, ಎಂಟು ಜನ ಒದ್ದೆ ಕ್ಯಾನ್ವಾಸಿನ ಅಡಿಯಲ್ಲಿ ಬೆಕ್ಕಿನ ಮರಿಗಳ ಹಾಗೆ ಒದ್ದಾಡಿದರು. ಒಳಗಿನಿಂದ ಒಂದು ಸ್ವರ ಸ್ಪಷ್ಟವಾಗಿ ಕೇಳಿತು: "ಹೀಗೆ ಆಗ್ತದೆ ಅಂತ ನಂಗೆ ಗೊತ್ತಿತ್ತು."

ಸೀಟಿಯ ವಿಷಯವೂ ಹಾಗೆಯೇ. ಒಂದು ಉದ್ದ ಸೀಟಿ ಎಂದರೆ ಸುಮ್ಮನಾಗಿ ಕೇಳಿ. ಮೂರು ಗಿಡ್ಡ, ಒಂದು ಉದ್ದ ಎಂದರೆ ಲೀಡರ್‌ಗಳು ಮಾತ್ರ ಬನ್ನಿ. ಯಾವುದನ್ನು ಊದಿದರೂ ಇವನು ತಟ್ಟೆ ಹಿಡಿದುಕೊಂಡು ಓಡಿ ಬರುತ್ತಾನೆ. ಪಾತ್ರೆ ಇಲ್ಲದ ಅಡುಗೆಯ ದಿನ ಆಲೂಗಡ್ಡೆಯನ್ನು ಉರಿಯಲ್ಲಿ ಇಡಬೇಡ, ಕೆಂಡ ಆಗುವವರೆಗೆ ಕಾದು ಬೂದಿಯೊಳಗೆ ಹೂಳು ಎಂದರೂ ಅದೇ ಉತ್ತರ. ಅವನ ಆಲೂಗಡ್ಡೆ ಹೊರಗೆ ಇದ್ದಿಲು, ಒಳಗೆ ತರಕಾರಿ ಅಂಗಡಿ.

1907ರ ಆಗಸ್ಟಿನಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ಇಪ್ಪತ್ತು ಚಿಲ್ಲರೆ ಹುಡುಗರನ್ನು ಕರೆದುಕೊಂಡು ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರ ಮಾಡಿದರು. ಇಂಗ್ಲೆಂಡಿನ ಆಗಸ್ಟ್! ಉಡುಪಿಯ ಮೇ ತಿಂಗಳ ಸೆಕೆಯಲ್ಲಿ, ಕುತ್ತಿಗೆಗೆ ಸ್ಕಾರ್ಫ್ ಕಟ್ಟಿಕೊಂಡು, ಬೆವರಿನ ಕೈಯಲ್ಲಿ ಗಂಟು ಹಾಕುವ ಪ್ರಸಂಗ ಅವರಿಗೆ ಬರಲಿಲ್ಲ.

ಗಂಟು ಎಂದಾಗ ಹೇಳಲೇಬೇಕು. ಬ್ಯಾಂಡೇಜಿಗೆ ಹಾಕುವುದು ರೀಫ್ ನಾಟ್: ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಕುಣಿಕೆ ಒಂದರೊಳಗೊಂದು ಕೂತು, ತುದಿಗಳು ತಂತಮ್ಮ ಹಗ್ಗದ ಪಕ್ಕಕ್ಕೇ ಮಲಗಬೇಕು. ಎರಡು ಸಲವೂ ಬಲವನ್ನೇ ಎಡದ ಮೇಲೆ ಹಾಕಿದರೆ ತುದಿಗಳು ಅಡ್ಡಡ್ಡ ಚಾಚಿಕೊಳ್ಳುತ್ತವೆ, ಎಳೆದರೆ ಜಾರುತ್ತದೆ. ನಿಮ್ಮ ಶೂ ಲೇಸ್ ಒಮ್ಮೆ ನೋಡಿಕೊಳ್ಳಿ. ಬಿಲ್ಲು ಪಾದಕ್ಕೆ ಅಡ್ಡ ಮಲಗಿದ್ದರೆ ಸರಿ. ಬೆರಳು-ಹಿಮ್ಮಡಿ ದಿಕ್ಕಿಗೆ ತಿರುಗಿ ನಿಂತಿದ್ದರೆ, ಬಸ್ ಸ್ಟ್ಯಾಂಡಿಗೆ ಹೋಗುವಷ್ಟರಲ್ಲಿ ಬಿಚ್ಚುವುದು ಯಾಕೆಂದು ಈಗ ಗೊತ್ತಾಯಿತಲ್ಲ. ಈ ತಪ್ಪು ಗಂಟಿಗೆ ಇಂಗ್ಲಿಷರು ಇಟ್ಟ ಹೆಸರು ಗ್ರ್ಯಾನಿ ನಾಟ್, ಅಂದರೆ ಅಜ್ಜಿ ಗಂಟು.

ಅದು ಮಾತ್ರ ಸಹಿಸಲಿಕ್ಕೆ ಆಗುವುದಿಲ್ಲ. ಶಂಕರಪುರದಲ್ಲಿ ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವ ಅಜ್ಜಿಯರನ್ನು ಆ ಮಹನೀಯರು ನೋಡಿಲ್ಲ. ಕಣ್ಣು ಕಾಣಿಸದ ಅಜ್ಜಿಯ ಚೆಂಡಿನಿಂದಲೂ ಒಂದು ಮೊಗ್ಗು ಉದುರುವುದಿಲ್ಲ. ಶಿಬಿರದಲ್ಲಿ ಮಲ್ಪೆಯ ಹುಡುಗನೊಬ್ಬ ಶೀಟ್ ಬೆಂಡ್ ಎಂಬ, ಎರಡು ಹಗ್ಗ ಸೇರಿಸುವ ಗಂಟಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ. ಮೀನು ಬಲೆಯ ಒಂದೊಂದು ಕಣ್ಣಿನ ಗಂಟೂ ಶೀಟ್ ಬೆಂಡೇ. ಅವನ ಮಾವ ದಕ್ಕೆಯಲ್ಲಿ ಕೂತು, ಹರಿದ ಬಲೆ ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಪಕ್ಕದವನ ಹತ್ತಿರ ಮಾತಾಡುತ್ತಲೇ ದಿನಕ್ಕೆ ನೂರಾರು ಹಾಕುತ್ತಾರೆ. "ಮನೆಯಲ್ಲಿ ನೋಡಿಲ್ವಾ?" ಎಂದರೆ ಹುಡುಗ ಹೇಳಿದ: "ಅದು ಬಲೆ ಸರ್. ಇದು ಸಿಲೆಬಸ್." ಮಾವ ಕಲಿಸಲಿಲ್ಲ, ಕಲಿತರೆ ಹುಡುಗ ಬೋಟಿಗೆ ಹೋದಾನು ಎಂಬ ಭಯವಂತೆ.

ಗುರುವಾರ ಬೆಳಿಗ್ಗೆ ನೋಡಿದರೆ ತಟ್ಟೆ ಸ್ಟ್ಯಾಂಡ್ ಎದ್ದು ನಿಂತಿತ್ತು. ನಾರಿನ ಹುರಿ, ಮೂರು ಸುತ್ತು, ಸಂದಿಯಲ್ಲಿ ಎರಡು ಎಳೆತ. ಜೋತು ಬಿದ್ದರೂ ಅಲ್ಲಾಡುವುದಿಲ್ಲ. ಕಟ್ಟಿದವರು ಅಡುಗೆ ಭಟ್ಟರು. ಗಂಜಿ ತಡವಾದದ್ದಕ್ಕೆ ಬೈಗುಳ ತಿಂದದ್ದು ಅವರಲ್ಲವೇ.

"ಭಟ್ರೇ, ಈ ನಡುವಿನ ಸುತ್ತಿಗೆ ಏನು ಹೇಳ್ತಾರೆ ಗೊತ್ತುಂಟಾ?"

"ಹೇಳುವುದು ಎಂಥದು ಮಾರಾಯ್ರೆ? ಚಪ್ಪರ ಕಟ್ಟುವಾಗ ಹಾಕದಿದ್ರೆ ಮದುಮಗನ ತಲೆ ಮೇಲೆ ಬೀಳ್ತದೆ."

ಹಿಂದಿನಿಂದ ಸಣ್ಣ ಸ್ವರ ಬಂತು. "ಫ್ರಾಪಿಂಗ್. ಗೊತ್ತುಂಟು ಸರ್."