ಡಬಲ್ ಚೋಲ್ ಸಿನಿಮಾ

ಡಿಸೆಂಬರ್ ಮುಗಿಯಿತು, ಸಿನಿಮಾ ಪಟ್ಟಿಗಳ ಸುಗ್ಗಿಯೂ ಮುಗಿಯಿತು. ‘ವರ್ಷದ ಅಜರಾಮರ ಹತ್ತು’, ‘ನೂರು ವರ್ಷ ಉಳಿಯುವ ಐದು’, ಎಲ್ಲವನ್ನೂ ನೀವು ಓದಿದ್ದೀರಿ, ಫಾರ್ವರ್ಡ್ ಕೂಡ ಮಾಡಿದ್ದೀರಿ. ಕೊನೆಯ ಶುಕ್ರವಾರ ತೆರೆಕಂಡದ್ದು ಭಾನುವಾರ ಸಂಜೆಯೊಳಗೆ ಅಜರಾಮರವಾಗಿರುವುದನ್ನೂ ನೋಡಿದ್ದೀರಿ. ಅಡಿಕೆ ಒಣಗಲಿಕ್ಕೇ 40 ಬಿಸಿಲು ಬೇಕು ಸ್ವಾಮಿ.

ಅಡಿಕೆಯ ಮಾತು ಬಂತಲ್ಲ, ಮುಗಿಸಿಯೇ ಬಿಡುವ. ಕಾಸರಗೋಡಿನ ಅಂಗಡಿಯಲ್ಲಿ ಹೊಸ ಅಡಿಕೆಗೆ ಒಂದು ಧಾರಣೆ, ವರ್ಷ ದಾಟಿದ ಸಿಂಗಲ್ ಚೋಲಿಗೆ ಅದಕ್ಕಿಂತ ಮೇಲೆ, ಎರಡು ಮಳೆಗಾಲ ಕಂಡ ಡಬಲ್ ಚೋಲಿಗೆ ಇನ್ನೂ ಮೇಲೆ. ಹಾಗೆಂದು ಮೂಲೆಗೆ ಬಿಸಾಡಿದ್ದೆಲ್ಲ ಡಬಲ್ ಚೋಲ್ ಆಗುವುದಿಲ್ಲ. ಗೋಣಿಯೊಳಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿ, ಬಾಯಿ ಬಿಗಿದು, ನೆಲದ ಪಸೆ ತಾಗದಂತೆ ಹಲಗೆಯ ಮೇಲಿಡಬೇಕು. ಆಟಿಯ ಜಡಿಮಳೆಯಲ್ಲಿ ಒಂದು ಗೋಣಿಯ ಬಾಯಿ ಸಡಿಲಾದರೆ ಬೂಸರು. ಸಿನಿಮಾದ ಮಾರುಕಟ್ಟೆ ಇದರ ತಿರುಗಾಮುರುಗಾ. ಶುಕ್ರವಾರ ಡಬಲ್ ಚೋಲ್, ಸೋಮವಾರ ಹೊಸ ಅಡಿಕೆ, ಮುಂದಿನ ಶುಕ್ರವಾರ ಕರಿಗೋಟು, ಅಂದರೆ ಹಾಳಾದ ಕಡಿಮೆ ದರ್ಜೆಯ ಅಡಿಕೆ.

ನಮ್ಮ ಮೊದಲ ವಾಕ್ಚಿತ್ರವನ್ನೇ ನೋಡಿ. ‘ಸತಿ ಸುಲೋಚನಾ’, 1934. ಕನ್ನಡದ ಚಿತ್ರವಾದರೂ ತಯಾರಾದದ್ದು ಗಡಿಯಾಚೆಯ ಕೊಲ್ಹಾಪುರದಲ್ಲಿ. ನಿರ್ದೇಶಕ ಯಾರು, ರಾವಣ ಯಾರು, ಇಂದ್ರಜಿತು ಯಾರು, ಎಲ್ಲ ನಮಗೆ ಬಾಯಿಪಾಠ. ಸಿನಿಮಾ ಮಾತ್ರ ಇಲ್ಲ, ಒಂದು ಪ್ರತಿಯೂ ಉಳಿದಿಲ್ಲ. ಕೇರಳ ಸರಕಾರದ ಲೆಕ್ಕಾಚಾರ ಇನ್ನೂ ಚೊಕ್ಕ. ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ಕಳೆದುಹೋಗಿದೆ, ಅದನ್ನು ಮಾಡಿದ ಜೆ.ಸಿ. ಡೇನಿಯಲ್ ಹೆಸರಿನಲ್ಲಿ ಮಾತ್ರ ವರ್ಷವರ್ಷ ಪ್ರಶಸ್ತಿ ಕೊಡುತ್ತಾರೆ. ಶೀರ್ಷಿಕೆಯ ಅರ್ಥವೇ ಕಳೆದುಹೋದ ಮಗ. ಮಗ ಮಾತಿಗೆ ತಪ್ಪಲಿಲ್ಲ.

ಹಾಗಾದರೆ ಉಳಿದದ್ದು ಯಾವುದು? ಕೇಸು ಬಿದ್ದದ್ದು. ‘ಮಾರ್ತಾಂಡ ವರ್ಮ’ ಎಂಬ ಮೂಕಿ ಚಿತ್ರಕ್ಕೆ ಕಾದಂಬರಿಯ ಹಕ್ಕಿನ ತಕರಾರು ಬಂದು ಪ್ರದರ್ಶನ ನಿಂತಿತು, ರೀಲು ಪ್ರಕಾಶಕರ ಕೈಸೇರಿತು. 1974ರಲ್ಲಿ ಪುಣೆಯ ಫಿಲ್ಮ್ ಆರ್ಕೈವ್‌ನವರು ಪುಸ್ತಕದಂಗಡಿಯಿಂದಲೇ ಎತ್ತಿಕೊಂಡು ಹೋದರು. ಅಜರಾಮರರಾಗಲು ಬಯಸುವ ನಿರ್ಮಾಪಕರು ವಿಮರ್ಶಕರಿಗೆ ಊಟ ಹಾಕಿಸುವ ಬದಲು ಒಬ್ಬ ಒಳ್ಳೆಯ ಫಿರ್ಯಾದಿಯನ್ನು ಹುಡುಕಲಿ.

ರೀಲಿನ ಕತೆ ಅಡುಗೆಮನೆಯವರಿಗೆ ಬೇಗ ಅರ್ಥವಾಗುತ್ತದೆ. ಹಳೆಯ ರೀಲುಗಳ ಅಸಿಟೇಟ್ ಎಂಬ ಪ್ಲಾಸ್ಟಿಕ್ ಫಿಲ್ಮಿಗೆ ಸೆಕೆ ಮತ್ತು ಪಸೆ ಒಟ್ಟಿಗೆ ತಾಗಿದರೆ ಅದರೊಳಗಿನಿಂದಲೇ ಅಸಿಟಿಕ್ ಆಮ್ಲ ಹೊರಡುತ್ತದೆ. ಡಬ್ಬ ತೆರೆದರೆ ಮೂಗಿಗೆ ಬಡಿಯುವುದು ವಿನೆಗರ್. ಹೊರಟ ಆಮ್ಲ ಇನ್ನಷ್ಟು ಆಮ್ಲ ಹುಟ್ಟಿಸುತ್ತದೆ, ಪಕ್ಕದ ಡಬ್ಬಕ್ಕೂ ತಾಗುತ್ತದೆ. ಹಪ್ಪಳದ ಡಬ್ಬದ ಹಾಗೆ ಬಿಗಿಯಾಗಿ ಮುಚ್ಚಿಟ್ಟರೋ, ಹೊರಗೆ ಹೋಗಲಾರದ ಹುಳಿ ಒಳಗಿದ್ದದ್ದನ್ನೇ ತಿನ್ನುತ್ತದೆ. ಫಿಲ್ಮು ಕುಗ್ಗುತ್ತದೆ. ಶೇ. 1 ಕುಗ್ಗಿದರೆ ಸಾಕು, ಪ್ರೊಜೆಕ್ಟರಿನ ಹಲ್ಲಿಗೂ ರೀಲಿನ ತೂತಿಗೂ ಹೊಂದಿಕೆಯಾಗುವುದಿಲ್ಲ. 21 ಡಿಗ್ರಿ, ಶೇ. 50 ತೇವ ಇರುವ ಕೋಣೆಯಲ್ಲಿಟ್ಟ ಹೊಸ ಫಿಲ್ಮಿಗೂ ಸುಮಾರು 40 ವರ್ಷಕ್ಕೆ ಈ ಹುಳಿರೋಗ ಶುರು. ನಮ್ಮ ಕರಾವಳಿಯ ಮಳೆಗಾಲದಲ್ಲಿ ತೇವ ಶೇ. 90. ಅಟ್ಟದಲ್ಲಿಟ್ಟ ಹಲಸಿನ ಹಪ್ಪಳ ಮೆತ್ತಗಾಗದಂತೆ ನೋಡಿಕೊಳ್ಳುವ ಅಜ್ಜಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಕೋಟಿ ಸುರಿದು ಸಿನಿಮಾ ತೆಗೆದು, ನೆಗೆಟಿವ್ ಎಲ್ಲಿದೆ ಎಂದು ಕೇಳಿದರೆ ‘ಲ್ಯಾಬಿನಲ್ಲಿ ಇರಬೇಕು’ ಎನ್ನುವವರಿಗೆ ಹೇಳಬೇಕು.

‘ಈಗ ಎಲ್ಲ ಡಿಜಿಟಲ್, ಹುಳಿಯೂ ಇಲ್ಲ ಬೂಸರೂ ಇಲ್ಲ’ ಎನ್ನುತ್ತಾರೆ. ನಿಜ. ಥಿಯೇಟರಿಗೆ ಹೋಗುವ ಪ್ರತಿಗೆ ಬೀಗವಿದೆ, ಆ ಬೀಗದ ಕೀಲಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಆಯುಷ್ಯವಿದೆ. ದಿನ ಮುಗಿದ ಮೇಲೆ ಆ ಪೆಟ್ಟಿಗೆ ಪೇಪರ್ ವೇಟ್. ಬೀಗವಿಲ್ಲದ ಮೂಲ ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಡಿಸ್ಕು ಕಪಾಟಿನಲ್ಲಿ. ಐದಾರು ವರ್ಷ ತಿರುಗಿಸದೆ ಇಟ್ಟ ಡಿಸ್ಕು ಒಂದು ದಿನ ಟಿಕ್ ಟಿಕ್ ಎಂದು ಸುಮ್ಮನಾಗುತ್ತದೆ. ಅದಕ್ಕಾಗಿಯೇ ಟೇಪಿಗೆ ಹಾಕುವ ಕ್ರಮ, ಆದರೆ ಆ ಟೇಪಿಗೂ ತಲೆಮಾರುಗಳಿವೆ, ಎಲ್‌ಟಿಒ ಎಂಬ ಬಗೆಯ ಆರನೆಯ ತಲೆಮಾರಿನ ಟೇಪನ್ನು (ಎಲ್‌ಟಿಒ-6) ಎಂಟನೆಯದರ ಡ್ರೈವ್ (ಎಲ್‌ಟಿಒ-8) ಓದುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸ ಟೇಪಿಗೆ ವರ್ಗಾಯಿಸಿ, ಒಂದಕ್ಷರವೂ ಬದಲಾಗಿಲ್ಲವೆಂದು ತಾಳೆ ನೋಡಬೇಕು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಟೀಸರ್ ಸಮಾರಂಭದ ಹೂವಿನ ಹಾರದ ದುಡ್ಡಿನಲ್ಲಿ ಆಗುವ ಕೆಲಸ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗಗಳು ಕುಂಬಳೆಯಿಂದ ಇವತ್ತಿನ ರಂಗಸ್ಥಳದವರೆಗೆ ಬಂದದ್ದು ಈ ದಾರಿಯಲ್ಲೇ. ತಾಳೆಗರಿ ಪುಡಿಯಾಗುವ ಮೊದಲು ಯಾರೋ ಕುಳಿತು ಇನ್ನೊಂದು ಪ್ರತಿ ಮಾಡಿದರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಇನ್ನು ಮರುಬಿಡುಗಡೆಯ ಭರಾಟೆ. ‘ಈಗ 4ಕೆಯಲ್ಲಿ!’ ನೆಗೆಟಿವನ್ನು ತೊಳೆದು, ಚೌಕಟ್ಟು ಚೌಕಟ್ಟಾಗಿ ಸ್ಕ್ಯಾನ್ ಮಾಡಿದ 4ಕೆ ಒಂದು. ಡಿವಿಡಿಯನ್ನು ಹಿಗ್ಗಿಸಿದ 4ಕೆ ಇನ್ನೊಂದು. ಡಿವಿಡಿಯ ಒಂದು ಚೌಕಟ್ಟಿನಲ್ಲಿ ಸುಮಾರು 4 ಲಕ್ಷ ಚುಕ್ಕಿ, 4ಕೆಯಲ್ಲಿ 88 ಲಕ್ಷ. ಉಳಿದ 84 ಲಕ್ಷ ಕಂಪ್ಯೂಟರ್ ಊಹಿಸಿ ತುಂಬಿದ್ದು. ನಾಲ್ಕು ಜನರ ಸಾರಿಗೆ ನೀರು ಬೆರೆಸಿ ಎಂಬತ್ತೆಂಟು ಜನರಿಗೆ ಬಡಿಸಿದ ಹಾಗೆ. ನಾಯಕನ ಮುಖ ಮೇಣದ ಬೊಂಬೆಯಂತಾದದ್ದು ಅದಕ್ಕೇ.

ಮರುಬಿಡುಗಡೆಯಲ್ಲಿ ನಮ್ಮ ಜಿಲ್ಲೆಯನ್ನು ಯಾರೂ ಮೀರಿಸಲಾರರು. ‘ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು’ 2018ರಲ್ಲಿ ಬಂತು, ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುವ ಆ ಕತೆ ಇಲ್ಲಿ ಮತ್ತೆ ಮತ್ತೆ ಬಿಡುಗಡೆಯಾಗುತ್ತಿದೆ, ಟಿಕೆಟಿಲ್ಲದೆ, ಮಧ್ಯಂತರವಿಲ್ಲದೆ. ತಮಾಷೆ ಅಂದುಕೊಂಡು ಬರೆಯಲು ಕೂತದ್ದು, ನಗು ಬರುತ್ತಿಲ್ಲ. ಮಕ್ಕಳಿಗೆ ಲೆಕ್ಕ ಯಾವ ಭಾಷೆಯಲ್ಲಿ ಅರ್ಥವಾಗಬೇಕು? ಸಿನಿಮಾ ನೋಡಿ ಬೆಂಗಳೂರಿನಲ್ಲಿ ಕಣ್ಣೊರೆಸಿಕೊಂಡವರಲ್ಲಿ ಎಷ್ಟು ಜನ ಆಮೇಲೆ ಈ ಕಡೆ ತಿರುಗಿ ನೋಡಿದರು? ಬಿಡಿ. ಇಲ್ಲಿಯ ಕನ್ನಡಿಗನಿಗೆ ಪಟ್ಟಿಯ ಹತ್ತರಲ್ಲಿ ಒಂದನ್ನು ದೊಡ್ಡ ಪರದೆಯಲ್ಲಿ ನೋಡಬೇಕಾದರೂ ಹೆಚ್ಚಾಗಿ ಗಡಿಯ ತಲಪಾಡಿ ದಾಟಿ ಮಂಗಳೂರಿಗೇ ಹೋಗಬೇಕು.

1977ರ ‘ಘಟಶ್ರಾದ್ಧ’ 2024ರಲ್ಲಿ ಹೊಸದಾಗಿ ವೆನಿಸ್‌ನಲ್ಲಿ ತೆರೆಕಂಡಿತು. ಮೂಲ ನೆಗೆಟಿವ್ ಪುಣೆಯ ಆರ್ಕೈವ್‌ನಲ್ಲಿ ಇದ್ದದ್ದರಿಂದ ಕಂಡಿತು, ಅಷ್ಟೆ.

ಪಟ್ಟಿ ಮಾಡುವವರಿಗೆ ಕೊನೆಗೊಂದು ಪಟ್ಟಿಯ ಸುದ್ದಿ. ಆಮ್ಲ ತಾಗಿದರೆ ಬಣ್ಣ ಬದಲಿಸುವ, ಬೆರಳಗಲದ ನೀಲಿ ಕಾಗದದ ಪಟ್ಟಿ. ರೀಲಿನ ಡಬ್ಬದೊಳಗಿಟ್ಟು ಮುಚ್ಚಿ, ಒಂದು ದಿನ ಬಿಟ್ಟು ತೆಗೆದು ನೋಡಬೇಕು. ನೀಲಿಯೇ ಇದ್ದರೆ ಕ್ಷೇಮ. ಹಸಿರಿಗೆ ತಿರುಗಿದರೆ ತಂಪು ಕೋಣೆಗೆ ಸಾಗಿಸಿ ನಕಲು ತೆಗೆಯಬೇಕು. ಹಳದಿಯಾಗಿದ್ದರೆ ಮುಂದಿನ ಡಿಸೆಂಬರಿನವರೆಗೆ ಕಾಯಬೇಡಿ.