ಹೊಂಡ ಚೌಕವಾಗಬೇಕು

ರಸ್ತೆಯ ಗುಂಡಿಗೆ ಮಂಗಳೂರಿನಲ್ಲಿ ಹೊಂಡ ಎನ್ನುತ್ತಾರೆ. ಚಿತ್ರದುರ್ಗದ ಕಡೆಯವರಿಗೆ ಹೊಂಡವೆಂದರೆ ಮೆಟ್ಟಿಲು ಕಟ್ಟಿಸಿದ ನೀರಿನ ಕೊಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡು ಅರ್ಥಗಳಿಗೆ ಜಗಳವೇ ಇರುವುದಿಲ್ಲ. ಮಂಗಳೂರು ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಇಲ್ಲಿ ಹೊಂಡ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಮುಚ್ಚಿದ ಹೊಂಡ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ, ಆಟಿ ತಿಂಗಳಿಗೆ ತವರಿಗೆ ಬರುವ ಮಗಳ ಹಾಗೆ ತಪ್ಪದೆ ಬರುತ್ತದಲ್ಲ, ಅದನ್ನು ಸ್ವಲ್ಪ ನಿಂತು ನೋಡಬೇಕು.

ನಿಂತು ನೋಡಲು ಒಳ್ಳೆಯ ಹೊತ್ತು ಡಾಮರು ಬೀಳುವ ಮುಂಚೆ. ಕಪ್ಪು ಬಿದ್ದ ಮೇಲೆ ಎಲ್ಲ ತೇಪೆಯೂ ಚಂದವೇ. ಮಳೆ ತೋಡಿದ ಹೊಂಡ ಬಾಣಲೆಯ ಹಾಗಿರುತ್ತದೆ: ನಡುವೆ ಆಳ, ಅಂಚಿಗೆ ಬರುತ್ತ ಬರುತ್ತ ಏನೂ ಇಲ್ಲ. ಅದಕ್ಕೆ ಹಾಗೆಯೇ ಜಲ್ಲಿ-ಡಾಮರಿನ ಮಿಶ್ರಣ ಸುರಿದರೆ ನಡುವೆ ಐದಾರು ಸೆಂಟಿಮೀಟರ್ ದಪ್ಪ ಬಂದೀತು, ಅಂಚು ಮಾತ್ರ ನೀರುದೋಸೆ. ಮಿಶ್ರಣದೊಳಗಿನ ಜಲ್ಲಿಯೇ 10 ಮಿಲಿಮೀಟರ್ ಇದ್ದರೆ 5 ಮಿಲಿಮೀಟರಿನ ಜಾಗದಲ್ಲಿ ಅದು ಕೂರುವುದಾದರೂ ಎಲ್ಲಿ? ಮೊದಲು ಎದ್ದುಬರುವುದು ಆ ಅಂಚೇ. ಅಲ್ಲಿಂದ ನೀರು ಒಳಗಿಳಿಯುತ್ತದೆ, ಬಸ್ಸಿನ ಚಕ್ರ ಆ ನೀರನ್ನು ಒತ್ತುತ್ತದೆ, ಒತ್ತಿದ ನೀರು ಜಲ್ಲಿಗೂ ಡಾಮರಿಗೂ ನಡುವೆ ನುಗ್ಗುತ್ತದೆ. ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೇ ಪ್ರೀತಿ ಹೆಚ್ಚು. ಡಾಮರು ಬಿಟ್ಟುಕೊಡುತ್ತದೆ, ಜಲ್ಲಿ ಬರಿಮೈಯಾಗಿ ರಸ್ತೆಯ ಮೇಲೆ ಉರುಳುತ್ತದೆ.

ಆದ್ದರಿಂದ ಹೊಂಡ ಚೌಕವಾಗಬೇಕು. ಸುತ್ತಲಿನ ಗಟ್ಟಿ ರಸ್ತೆಯೊಳಗೆ ಕೆಲವು ಇಂಚು ಸರಿದು ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು, ಆ ಗೆರೆಗೆ ಸರಿಯಾಗಿ ನೆಟ್ಟಗೆ ಕಡಿಯಬೇಕು. ತಳ ಸಮ, ಗೋಡೆ ನೇರ. ಸಡಿಲ ಕಲ್ಲು, ಕೆಸರು, ಹುಡಿ ಎಲ್ಲ ಹೊರಗೆ. ಒಳಗೆ ತೇವ ಉಳಿಯಕೂಡದು. ಇಷ್ಟಾದ ಮೇಲೆ ಎಮಲ್ಶನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಮರು, ಬಳಿಯುವುದು, ತಳಕ್ಕೆ ಮಾತ್ರ ಸಾಲದು, ಗೋಡೆಗೂ. ಹಳೆ ಡಾಮರಿನ ಮೇಲೆ ಚದರ ಮೀಟರಿಗೆ 200ರಿಂದ 300 ಗ್ರಾಂ ಸಾಕು. ಮೊದಲು ಅದು ಕಾಫಿಯ ಬಣ್ಣಕ್ಕಿರುತ್ತದೆ. ನೀರು ಬಿಟ್ಟ ಮೇಲೆ ಕಪ್ಪಾಗುತ್ತದೆ. ಆ ಬಣ್ಣ ತಿರುಗುವವರೆಗೆ ಕಾಯುವ ತಾಳ್ಮೆಯೇ ಇಡೀ ಕೆಲಸದ ಅರ್ಧ ಜೀವ. ಆದರೆ ಕಾಯುವುದಕ್ಕೆಂದು ಬಿಲ್ಲಿನಲ್ಲಿ ಸಾಲು ಇರುವುದಿಲ್ಲ. ಕಾಫಿ ಬಣ್ಣದ ಮೇಲೆಯೇ ಮಿಶ್ರಣ ಹಾಕಿದರೆ ನೀರನ್ನು ನಾವೇ ಒಳಗಿಟ್ಟು ಮುಚ್ಚಿದ ಹಾಗೆ. ಎಮಲ್ಶನ್ನನ್ನು ಕೊಡದಿಂದ ಮಡುವಾಗುವಷ್ಟು ಹೊಯ್ದರೆ ಇನ್ನೊಂದು ತಾಪತ್ರಯ, ತೇಪೆ ಜಾರುತ್ತದೆ.

ಮಿಶ್ರಣ ಪ್ಲಾಂಟಿನಿಂದ ಹೊರಡುವಾಗ ಸುಮಾರು 150 ಡಿಗ್ರಿ ಬಿಸಿ ಇರುತ್ತದೆ. 90–100 ಡಿಗ್ರಿಗೆ ಇಳಿಯುವುದರೊಳಗೆ ರೋಲರ್ ಕೆಲಸ ಮುಗಿಯಬೇಕು. ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ವಾಹನಗಳ ಸಾಲಿನಲ್ಲಿ ಟಿಪ್ಪರ್ ಸಿಕ್ಕಿಹಾಕಿಕೊಂಡರೆ, ಮೇಲೆ ಟರ್ಪಾಲೂ ಇಲ್ಲದಿದ್ದರೆ, ಬಿಸಿ ದಾರಿಯಲ್ಲೇ ಹೋಯಿತು. ತಣಿದ ಮಿಶ್ರಣ ಸಲಿಕೆಗೆ ಉಂಡೆಯುಂಡೆಯಾಗಿ ಬರುತ್ತದೆ. ಎಷ್ಟು ಒತ್ತಿದರೂ ಒಳಗೆ ಗಾಳಿಯ ಸಂದು ಉಳಿಯುತ್ತದೆ, ಆ ಸಂದೇ ನಾಳಿನ ನೀರಿನ ದಾರಿ. ಅಳೆಯಲು ಕಂಬಿಯಂಥ ಥರ್ಮಾಮೀಟರ್ ಇದೆ. ಒತ್ತುವಾಗ ಮಿಶ್ರಣ ತಗ್ಗುತ್ತದೆ, ಹಾಗಾಗಿ 40 ಮಿಲಿಮೀಟರ್ ಬೇಕಿದ್ದರೆ 50ರಷ್ಟು ಹರಡಬೇಕು. ಚಿಕ್ಕ ಹೊಂಡಕ್ಕೆ ಕೈಯಲ್ಲಿ ನೂಕುವ ಕಂಪನದ ಯಂತ್ರವಾದರೂ ಬೇಕು. "ನಾಳೆ ಬಸ್ಸು ಹೋಗ್ತದಲ್ಲ ಮಾರಾಯ್ರೆ, ಅದೇ ಒತ್ತಿಕೊಳ್ತದೆ" ಎಂಬ ಮಾತು ಕೇಳಲು ತಮಾಷೆ. ಬಸ್ಸು ಒತ್ತುವುದು ಚಕ್ರದ ಎರಡು ಗೆರೆಯನ್ನು ಮಾತ್ರ.

ಮಳೆಗಾಲದ ನಡುವೆ ಬಿಸಿ ಡಾಮರು ನಡೆಯುವುದಿಲ್ಲ. ಆಗ ಚೀಲದಲ್ಲಿ ಬರುವ ತಣ್ಣನೆಯ ಮಿಶ್ರಣ ತಾತ್ಕಾಲಿಕಕ್ಕೆ ಆದೀತು. ಕೆಂಪುಕಲ್ಲಿನ ಚೂರು, ಒಡೆದ ಮನೆಯ ಗೋಡೆಮಣ್ಣು ತುಂಬುವ ಪದ್ಧತಿ ಇದೆಯಲ್ಲ, ಅದು ಎರಡು ಮಳೆಗೆ ಪಾಯಸ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ರಸ್ತೆ ಕೆಡುವುದುಂಟು. ಕಾರಣ ರಸ್ತೆಯಲ್ಲಿ ಸಿಗುವುದಿಲ್ಲ, ಅದರ ಬದಿಯಲ್ಲಿ ಸಿಗುತ್ತದೆ. ಡಾಮರು ರಸ್ತೆ ನಡುವಿನಿಂದ ಬದಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರಿರಬೇಕು: ಮೂರೂವರೆ ಮೀಟರಿಗೆ ಹೆಚ್ಚುಕಡಿಮೆ 9 ಸೆಂಟಿಮೀಟರ್. ಇಳಿದ ನೀರು ಚರಂಡಿ ಸೇರಬೇಕಾದರೆ ಬದಿಯ ಮಣ್ಣು ರಸ್ತೆಗಿಂತ ತಗ್ಗಿರಬೇಕು. ನಮ್ಮಲ್ಲಿ ವರ್ಷವರ್ಷ ಹುಲ್ಲು ಬೆಳೆದು, ಮಣ್ಣು ಕೂತು, ಬದಿಯೇ ಎತ್ತರವಾಗಿ ರಸ್ತೆಯೇ ತೋಡಾಗುತ್ತದೆ. ಮೇ ತಿಂಗಳಲ್ಲಿ ಚರಂಡಿಯ ಹೂಳೆತ್ತುತ್ತಾರೆ, ಸರಿ. ಎತ್ತಿದ ಹೂಳು ದಂಡೆಯ ಮೇಲೇ ಕೂತಿದ್ದರೆ ಮೊದಲ ಮಳೆಗೆ ಅದು ಹೊರಟಲ್ಲಿಗೇ ವಾಪಸು. ಎತ್ತಿದ್ದಕ್ಕಷ್ಟೇ ಲೆಕ್ಕವೋ, ಸಾಗಿಸಿದ್ದಕ್ಕೂ ಲೆಕ್ಕವೋ ಎಂದು ಅಂದಾಜು ಪಟ್ಟಿಯಲ್ಲಿ ನೋಡುವುದು ಒಳ್ಳೆಯದು.

ಕಾಂಕ್ರೀಟು ಹಾಕಿದರೆ ಚಿಂತೆ ಮುಗಿಯಿತು ಎಂಬ ನಂಬಿಕೆ ಈ ಊರಿನಲ್ಲಿ ಗಟ್ಟಿ. ಕಾಂಕ್ರೀಟಿನಲ್ಲಿ ಹೊಂಡ ಕಡಿಮೆ, ನಿಜ. ಅದರ ಕಾಟ ಬೇರೆ: ಹಲಗೆಯ ಅಂಚಿನಲ್ಲಿ ಮಣ್ಣು ತುಂಬದೆ ಬಿಟ್ಟ ಅರ್ಧ ಅಡಿಯ ತಗ್ಗು, ಎದುರಿನ ಬಸ್ಸಿಗೆ ದಾರಿ ಬಿಡಲು ಇಳಿದ ಸ್ಕೂಟರಿಗೆ ಅದೇ ಬಾವಿ. ಮತ್ತೆ, ಮಟ್ಟ ತಪ್ಪಿದ ಮ್ಯಾನ್‌ಹೋಲ್ ಮುಚ್ಚಳ. ಮತ್ತೆ ಪೈಪಿಗೆಂದು ಕೊರೆದ ಗೆರೆ. ಕೊರೆದ ಕಣಿಯನ್ನು 15 ಸೆಂಟಿಮೀಟರಿಗೊಂದು ಪದರದಂತೆ ಒತ್ತುತ್ತ ತುಂಬದಿದ್ದರೆ ಮಳೆಗೆ ಮಣ್ಣು ಕುಸಿದು ಮೇಲಿನ ತೇಪೆ ತೊಟ್ಟಿಲಾಗುತ್ತದೆ.

ಇನ್ನು ದುಡ್ಡಿನ ಮಾತು. ಚದರ ಮೀಟರಿಗೆ ಎಷ್ಟಾಯಿತು ಎಂಬ ಲೆಕ್ಕ ಎಲ್ಲರೂ ಇಡುತ್ತಾರೆ, ಎಷ್ಟು ಮಳೆಗಾಲ ತಾಳಿತು ಎಂಬುದರಿಂದ ಅದನ್ನು ಭಾಗಿಸುವವರು ಕಡಿಮೆ. ಒಂದು ಮಳೆಗಾಲಕ್ಕೆ ಏಳುವ ಅಗ್ಗದ ತೇಪೆಗಿಂತ ಅದರ ಎರಡು ಪಟ್ಟು ಬೆಲೆಯ, ನಾಲ್ಕು ಮಳೆಗಾಲ ಕಂಡ ತೇಪೆ ಅರ್ಧ ಬೆಲೆಗೆ ಬಿದ್ದ ಹಾಗಾಯಿತು. ಇನ್ನೊಂದು ಸುಲಭದ ಗಣಿತ: 100 ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, 25 ಮಿಲಿಮೀಟರ್ ದಪ್ಪಕ್ಕೆ ಹತ್ತಿರಹತ್ತಿರ 20 ಟನ್ ಮಿಶ್ರಣ ಬೇಕು. ಹತ್ತು ಟನ್ನಿನ ಟಿಪ್ಪರ್ ಒಂದೇ ಬಂದು ಹೋಗಿದ್ದರೆ ದಪ್ಪ ಎಷ್ಟೆಂದು ಜಗಲಿಯಲ್ಲಿ ಕೂತೇ ಹೇಳಬಹುದು.

ಅಂದಾಜು ಪಟ್ಟಿ, ಕಾರ್ಯಾದೇಶ, ಆದ ಕೆಲಸದ ಅಳತೆ ಪುಸ್ತಕ, ಈ ಮೂರನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. 2005ರ ಆ ಕಾಯಿದೆಯಲ್ಲಿ ಹೆಚ್ಚಿನವರು ಗಮನಿಸದ ಒಂದು ಮಾತಿದೆ: ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಮಾಹಿತಿ ಹಕ್ಕೇ. ಕಾರ್ಯಾದೇಶದಲ್ಲಿ ಮುಖ್ಯವಾಗಿ ನೋಡಬೇಕಾದ್ದು ದೋಷ ಹೊಣೆಗಾರಿಕೆಯ ಅವಧಿ. ಅದರೊಳಗೆ ಎದ್ದ ರಸ್ತೆಯನ್ನು ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಆ ದಿನಾಂಕ ಯಾರಿಗೂ ನೆನಪಿಲ್ಲದಿದ್ದರೆ ಅದೇ ಹೊಂಡಕ್ಕೆ ಹೊಸ ಟೆಂಡರು.

ಕೇಳುವ ಮುಂಚೆ ರಸ್ತೆ ಯಾರದೆಂದು ತಿಳಿದಿರಬೇಕು. ನಂತೂರು, ಪಂಪ್‌ವೆಲ್, ಕೂಳೂರು ಹಾದುಹೋಗುವುದು ರಾಷ್ಟ್ರೀಯ ಹೆದ್ದಾರಿ 66. ಉಡುಪಿಯಿಂದ ಮಣಿಪಾಲಕ್ಕೆ ಏರುವುದು 169ಎ. ಇವುಗಳ ಬಗ್ಗೆ ಪಾಲಿಕೆಗೋ ನಗರಸಭೆಗೋ ಬರೆದ ದೂರು ಮೇಜಿನಿಂದ ಮೇಜಿಗೆ ತಿರುಗಾಡುತ್ತದೆ. "ರಸ್ತೆ ಸರಿ ಇಲ್ಲ" ಎಂಬ ದೂರಿಗೂ ಅದೇ ಗತಿ. ಯಾವ ಕಂಬದ ಹತ್ತಿರ, ಉದ್ದ ಅಗಲ ಆಳ ಎಷ್ಟು, ಯಾವ ದಿನ ನೋಡಿದ್ದು ಎಂದು ಬರೆದು, ಹೊಂಡದ ಪಕ್ಕ ಮಡಚಿದ ಕೊಡೆ ಇಟ್ಟು ಒಂದು ಫೋಟೊ ತೆಗೆದರೆ ಎಂಜಿನಿಯರರಿಗೂ ಅಳತೆ ಸಿಗುತ್ತದೆ.

ಉಡುಪಿಯ ರಸ್ತೆಗಳಿಗೆ ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯವೆಂಬ ಗಡುವಾದರೂ ಇದೆ. ಉಳಿದ ಕಡೆ ಗಡುವು ತುಳುನಾಡಿನ ಪತ್ತನಾಜೆಯೇ ಆಗಬೇಕು: ಮೇ 24ರ ಆಸುಪಾಸಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ, ರೋಲರೂ ಆಗಲೇ ಬಿಚ್ಚಬೇಕು. ಆಮೇಲೆ ಮೊದಲ ಜೋರು ಮಳೆ ಬಂದಾಗ ಹದಿನೈದು ನಿಮಿಷ ಗೇಟಿನ ಬಳಿ ನಿಂತರಾಯಿತು. ನೀರು ತೇಪೆಯನ್ನು ದಾಟಿ ಹೋಗುತ್ತದೋ, ಅಲ್ಲೇ ಕೂರುತ್ತದೋ ಕಾಣುತ್ತದೆ. ಮಳೆ ಹೊಳವಾದ ಮೇಲೆ ಚೌಕದ ಮೂಲೆಗೆ ಕೊಡೆಯ ತುದಿ ಊರಿ ಒಮ್ಮೆ ಮೀಟಿ ನೋಡಬಹುದು. ಜಲ್ಲಿ ಏಳದಿದ್ದರೆ ಕೊಡೆ ಬಿಡಿಸಿಕೊಂಡು ಮೀನು ತರಲು ಹೋಗಬಹುದು.