ತೋಡಿ ಎಷ್ಟು ಗಂಟೆಗೆ?

ಶಾಸ್ತ್ರೀಯ ಸಂಗೀತದ ಬಾನುಲಿ ಕೇಳುವವರು ಸಾಮಾನ್ಯವಾಗಿ ಸಾಧು ಜನ. ಅಪಸ್ವರ ಬಂದರೆ ಮುಖ ಸಿಂಡರಿಸಿ ಸುಮ್ಮನಾಗುತ್ತಾರೆ. ತಾಳ ತಪ್ಪಿದರೆ ತೊಡೆಯ ಮೇಲಿನ ಕೈ ಅರೆಕ್ಷಣ ನಿಲ್ಲುತ್ತದೆ, ಅಷ್ಟೆ. ಆದರೆ ಉದ್ಘೋಷಕಿ ಒಂದು ದಿನ ಮೃದುವಾಗಿ "ನಾಳೆಯಿಂದ ಈ ಕಾರ್ಯಕ್ರಮದ ಸಮಯ ಬದಲಾಗಲಿದೆ" ಎಂದುಬಿಟ್ಟರೆ ಸಾಕು, ಇದೇ ಸಾಧುಗಳು ಪಂಚೆ ಎತ್ತಿ ಕಟ್ಟುತ್ತಾರೆ.

ಜಗಳ ಆಡುವುದು ಸಂಪ್ರದಾಯದ ಹೆಸರಿನಲ್ಲಿ, ಗುಣಮಟ್ಟದ ಹೆಸರಿನಲ್ಲಿ. ಬುಡ ಕೆದಕಿದರೆ ಸಿಗುವುದು ಗಡಿಯಾರ. 6.55ರ ಸಂಸ್ಕೃತ ವಾರ್ತೆ ಮುಗಿಯುವುದರೊಳಗೆ ಹಾಲು ಉಕ್ಕಬೇಕು, 7.35ರ ದೆಹಲಿ ವಾರ್ತೆಗೆ ಸ್ನಾನ ಆಗಿರಬೇಕು ಎಂದು ಬದುಕಿದ ಮನೆಗಳಲ್ಲಿ ಬೆಳಗಿನ ಕಛೇರಿಗೂ ಒಂದು ಕೆಲಸ ಅಂಟಿಕೊಂಡಿರುತ್ತದೆ. ಬಿಲಹರಿ ರಾಗ ಅರ್ಧ ಗಂಟೆ ಮುಂದೆ ಹೋದರೆ ಹುಳಿಗೆ ಒಗ್ಗರಣೆಯೂ ಮುಂದೆ ಹೋಗುತ್ತದೆ. ಇದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ. "ಪರಂಪರೆಗೆ ಧಕ್ಕೆ" ಎಂದೇ ಬರೆಯುತ್ತಾರೆ.

ನಿಲಯದವರ ಕಷ್ಟವೂ ಗಡಿಯಾರದ್ದೇ. ಆಕಾಶವಾಣಿಯಲ್ಲಿ ಫಿಕ್ಸ್ಡ್ ಪಾಯಿಂಟ್ ಚಾರ್ಟ್ ಎಂದೊಂದಿದೆ. ವಾರದ ಯಾವ ದಿನ ಎಷ್ಟು ಗಂಟೆಗೆ ಏನು ಎಂಬುದು ಅದರಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅಂದಿನ ಕಲಾವಿದರು, ಕೃತಿ, ನಿಮಿಷಗಳ ವಿವರ ಕ್ಯೂ ಶೀಟಿನಲ್ಲಿ. ದೆಹಲಿಯಿಂದ ಬರುವ ವಾರ್ತೆಯನ್ನು ಒಂದು ಸೆಕೆಂಡೂ ಅಲುಗಾಡಿಸುವಂತಿಲ್ಲ. ಪಲ್ಲವಿ ಎಷ್ಟೇ ಸೊಗಸಾಗಿ ತ್ರಿಕಾಲಕ್ಕೆ, ಅಂದರೆ ಮೂರು ವೇಗಗಳಿಗೆ, ಏರುತ್ತಿರಲಿ, ವಾರ್ತೆಯ ಹೊತ್ತಾಯಿತೆಂದರೆ ಡ್ಯೂಟಿ ರೂಮಿನವರು ಫೇಡರ್ ಇಳಿಸಲೇಬೇಕು. ಮೃದಂಗದ ಮೋರಾ, ಅಂದರೆ ಮುಕ್ತಾಯದ ನುಡಿಸಾಣಿಕೆ, ಅರ್ಧಕ್ಕೆ ಕತ್ತರಿಸಿಹೋದಾಗ ಮನೆಮನೆಯಲ್ಲಿ ಏಳುವ "ಅಯ್ಯೋ" ಅವರ ಕಿವಿಗೂ ಬಿದ್ದೇ ಇರುತ್ತದೆ.

ಅರ್ಧ ಗಂಟೆಯ ಲೆಕ್ಕ ಹಾಕಿ ನೋಡಿ. ಮೊದಲ ಹಾಗೂ ಕೊನೆಯ ಉದ್ಘೋಷಣೆ, ನಡುವೆ ರಾಗ ತಾಳಗಳ ಹೆಸರು, ಇವೆಲ್ಲ ಸೇರಿ ಒಂದೂವರೆ ನಿಮಿಷ ತಿನ್ನುತ್ತವೆ. ಉಳಿದ ಇಪ್ಪತ್ತೆಂಟೂವರೆಯಲ್ಲಿ ವರ್ಣಕ್ಕೆ ನಾಲ್ಕು, ಒಂದು ಚುರುಕಾದ ಕೃತಿಗೆ ಐದು, ಕೊನೆಯ ದೇವರನಾಮಕ್ಕೆ ನಾಲ್ಕು. ಮುಖ್ಯ ಕೃತಿಗೆ ಸಿಗುವುದು ಸುಮಾರು ಹದಿನೈದು. ಅದರಲ್ಲಿ ಆಲಾಪನೆ ಮೂರು, ಪಿಟೀಲಿನವರ ಸರದಿ ಎರಡು, ಸಾಹಿತ್ಯ ಆರು, ನೆರವಲು ಸ್ವರಕ್ಕೆ ನಾಲ್ಕು. ಮೃದಂಗದವರೊಬ್ಬರೇ ನುಡಿಸುವ ತನಿ ಆವರ್ತನ? ಅದಕ್ಕೆ ಜಾಗವೇ ಇಲ್ಲ. ಬಾನುಲಿಯ ಬಗ್ಗೆ ಮೃದಂಗದವರ ಅಭಿಪ್ರಾಯ ಕೇಳಬೇಡಿ.

ಇಂಥ ಅರ್ಧ ಗಂಟೆಯನ್ನು ಕಾಲು ಗಂಟೆಗೆ ಇಳಿಸಿದರೆ ಕರ್ನಾಟಕ ಸಂಗೀತ ಹೇಗೋ ಬದುಕಿಕೊಳ್ಳುತ್ತದೆ, ಎರಡು ಕೃತಿಯಾದರೂ ಬರುತ್ತವೆ. ಹಿಂದೂಸ್ತಾನಿಯ ಗತಿ ಬೇರೆ. ಅತಿ ವಿಲಂಬಿತ, ಅಂದರೆ ತೀರಾ ನಿಧಾನದ, ಏಕತಾಳದಲ್ಲಿ ಮಾತ್ರೆಗೆ (ತಾಳದ ಒಂದು ಎಣಿಕೆಗೆ) ನಾಲ್ಕು ಸೆಕೆಂಡ್ ಹಿಡಿದರೂ ಹನ್ನೆರಡು ಮಾತ್ರೆಯ ಒಂದು ಆವರ್ತನಕ್ಕೆ ನಲವತ್ತೆಂಟು ಸೆಕೆಂಡ್. ಕಾಲು ಗಂಟೆ ಪೂರ್ತಿ ಕೊಟ್ಟರೂ ಹತ್ತೊಂಬತ್ತು ಆವರ್ತನ ತುಂಬುವುದಿಲ್ಲ. ಗಾಯಕ ಷಡ್ಜದಿಂದ ಗಾಂಧಾರಕ್ಕೆ ಬರುವಷ್ಟರಲ್ಲಿ ಧನ್ಯವಾದ ಹೇಳಬೇಕು.

ಚಿಕ್ಕದೇ ಚೆನ್ನ ಎನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದ್ದು ಮೂರು ನಿಮಿಷದ ಆಸುಪಾಸು, ಕೊನೆಗೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿಕೊಳ್ಳುವುದೂ ಸೇರಿ. ಆಕೆ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ. ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸುವುದು ಒಂದು ವಿದ್ಯೆಯೇ. ಆದರೆ ಅದು ಮೂರು ನಿಮಿಷಕ್ಕೆಂದೇ ಹದಗೊಳಿಸಿದ ಹಾಡು. ನಲವತ್ತು ನಿಮಿಷದ ಧ್ವನಿಮುದ್ರಿಕೆಯಿಂದ ಮೂರು ನಿಮಿಷ ಕತ್ತರಿಸಿದರೆ ಅಂಥದ್ದು ಸಿಗುವುದಿಲ್ಲ.

ಬೆಂಗಳೂರಿನ ಅಮೃತವರ್ಷಿಣಿಯಂತೆ ಎರಡೂ ಪದ್ಧತಿಗಳನ್ನು ಒಂದೇ ಎಫ್‌ಎಂ 100.1ರಲ್ಲಿ ಕೊಡುವ ವಾಹಿನಿಯಲ್ಲಿ ಹೊತ್ತಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಹಿಂದೂಸ್ತಾನಿ ಕೇಳುಗನಿಗೆ ಲಲಿತ್ ನಸುಕಿನದು, ಸಾರಂಗ ಮಧ್ಯಾಹ್ನದ್ದು, ಮಾರವಾ ಸೂರ್ಯ ಮುಳುಗುವಾಗಿನದು, ದರಬಾರಿ ರಾತ್ರಿಯದು. ಬೆಳಗ್ಗೆ ಒಂಬತ್ತಕ್ಕೆ ಮಾಲಕಂಸ್ ಹಾಕಿದರೆ ಧಾರವಾಡದ ಕಡೆಯವರಿಗೆ ತಿಂಡಿ ಸೇರುವುದಿಲ್ಲ. ಕರ್ನಾಟಕ ಪದ್ಧತಿಯವರು ಈ ವಿಷಯದಲ್ಲಿ ಸಡಿಲ. ಬೌಳಿ, ಭೂಪಾಳಗಳನ್ನು ಬೆಳಗಿಗೂ ನೀಲಾಂಬರಿಯನ್ನು ರಾತ್ರಿಗೂ ಬಿಟ್ಟು ಉಳಿದದ್ದನ್ನು ಸಂಜೆ ಆರರ ಕಛೇರಿಯಲ್ಲಿ ನಿರ್ಭಯವಾಗಿ ಹಾಡುತ್ತಾರೆ. ಇನ್ನು ತೋಡಿ ರಾಗ ಎಂದು ಘೋಷಿಸಿದರೆ ಅವರವರ ತೋಡಿ ಬೇರೆ. ಹಿಂದೂಸ್ತಾನಿಯವರ ತೋಡಿ ಮೈಸೂರಿನ ಕಿವಿಗೆ ಶುಭಪಂತುವರಾಳಿ, ಮೈಸೂರಿನ ತೋಡಿ ಅವರ ಕಿವಿಗೆ ಭೈರವಿಯ ನೆಂಟ. ಸರಿಯಾದ ಹೊತ್ತಿಗೆ ತೋಡಿ ಕೊಟ್ಟೆವು ಎಂದು ನಿಲಯದವರು ಬೀಗುವಂತೆಯೂ ಇಲ್ಲ.

ಹಳೆಯ ಧ್ವನಿಮುದ್ರಿಕೆಯೋ ಹೊಸ ಕಲಾವಿದರೋ ಎಂಬುದು ಇನ್ನೊಂದು ಬಿಸಿ. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಧಾರವಾಡದಂಥ ನಿಲಯದ ಭಂಡಾರ ತೆರೆದರೆ ಬೇಡ ಎನ್ನುವವರು ಯಾರು? ಆದರೆ ಭಂಡಾರದಿಂದ ಬಂದ ಪ್ರತಿ ಅರ್ಧ ಗಂಟೆಯೂ ಧ್ವನಿಪರೀಕ್ಷೆ ಪಾಸಾಗಿ ಬಿ ದರ್ಜೆ ಪಡೆದು ಕರೆಗಾಗಿ ಕಾದಿರುವ ಹುಡುಗಿಯ ಅರ್ಧ ಗಂಟೆ. ಹಳೆಯ ಟೇಪಿಗೂ ಅದರದೇ ರೋಗಗಳಿವೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಾದರೂ ಶ್ರುತಿ ಅರ್ಧ ಮನೆ ಏರಿ, ಒಂದೂವರೆ ಮನೆ ಶ್ರುತಿಯಲ್ಲಿ ಹಾಡಿದ ಹಿರಿಯರು ಎರಡು ಮನೆಯಲ್ಲಿ ಕೇಳಿಸುತ್ತಾರೆ. ತಂಬೂರಿ ಜೊತೆ ಕೂತು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಇದು ತಕ್ಷಣ ಗೊತ್ತಾಗುತ್ತದೆ. "ಆಹಾ, ಆ ಕಾಲದ ಕಂಠ!" ಎಂದು ತಲೆದೂಗುವವರಿಗೆ ಗೊತ್ತಾಗುವುದಿಲ್ಲ.

ರಾಗದ ಹೆಸರನ್ನು ಮೊದಲು ಹೇಳಬೇಕೋ ಕೊನೆಗೋ ಎಂಬ ಬಗ್ಗೆ ಇದುವರೆಗೆ ಒಪ್ಪಂದವಾಗಿಲ್ಲ, ಆಗುವುದೂ ಬೇಡ. ಮೊದಲೇ ಹೇಳಿದರೆ ರಾಗ ಗುರುತಿಸುವ ಪಂದ್ಯ ಕೆಡುತ್ತದೆ. ಕೊನೆಗೆ ಹೇಳಿದರೆ ಪಂದ್ಯದಲ್ಲಿ ಸೋತವರ ಮರ್ಯಾದೆ ಹೋಗುತ್ತದೆ.

ಕಾರ್ಯಕ್ರಮ ಬದಲಾಗದೆ ತರಂಗವಷ್ಟೇ ಬದಲಾದರೂ ಕೇಳುಗ ಕಳೆದುಹೋಗುತ್ತಾನೆ. ನ್ಯೂಯಾರ್ಕಿನ ಶಾಸ್ತ್ರೀಯ ಸಂಗೀತದ ನಿಲಯ ಡಬ್ಲ್ಯುಕ್ಯುಎಕ್ಸ್‌ಆರ್ 2009ರ ಅಕ್ಟೋಬರಿನಲ್ಲಿ 96.3ರಿಂದ 105.9ಕ್ಕೆ ಸರಿದಾಗ ಶಕ್ತಿ 6,000 ವ್ಯಾಟಿನಿಂದ ಸುಮಾರು 600ಕ್ಕೆ ಇಳಿಯಿತು. ಹೊರವಲಯದವರ ಪಾಲಿಗೆ ಬೀಥೋವನ್ ಬರೀ ಸುಯ್ಯೆನ್ನುವ ಸದ್ದಾದ. ನಮ್ಮಲ್ಲಿ ಮಧ್ಯಮ ತರಂಗದ ರೇಡಿಯೋ ರಾತ್ರಿ ನೂರಾರು ಮೈಲಿ ದೂರದ ನಿಲಯವನ್ನು ಹಿಡಿಯುತ್ತದೆ, ಆದರೆ ನಾಲ್ಕೈದು ಕಿಲೋಹರ್ಟ್ಸ್‌ಗಿಂತ ಮೇಲಿನ ನಾದವನ್ನು ನುಂಗುತ್ತದೆ. ತಂಬೂರಿಯ ಜೀವಾಳದ ಝೇಂಕಾರ, ಘಟದ ಟಣತ್ಕಾರ ಅಲ್ಲೇ ಸಾಯುತ್ತವೆ. ಎಫ್‌ಎಂ ಹದಿನೈದರವರೆಗೆ ಕೊಡುತ್ತದೆ, ಗುಡ್ಡ ಅಡ್ಡ ಬಂದರೆ ಕೈಕೊಡುತ್ತದೆ. ಅಂಚಿನಲ್ಲಿರುವವರು ಸ್ಟೀರಿಯೋ ಬಿಟ್ಟು ಮೋನೋಗೆ ತಿರುಗಿಸಿದರೆ ಸುಯ್ಯೆನ್ನುವ ಸದ್ದು ಎಷ್ಟೋ ತಗ್ಗುತ್ತದೆ. 100.1ಕ್ಕೆ ಆಂಟೆನಾ ಕಡ್ಡಿ ಎಪ್ಪತ್ತೈದು ಸೆಂಟಿಮೀಟರ್ ಎಳೆದರೆ ಸರಿ, ಪೂರಾ ಎಳೆಯಬೇಕೆಂದೇನಿಲ್ಲ. 2016ರ ಜನವರಿ 26ರಂದು ಶುರುವಾದ ಆಕಾಶವಾಣಿಯ ಶಾಸ್ತ್ರೀಯ ಸಂಗೀತದ ರಾಗಂ ವಾಹಿನಿ ಉಪಗ್ರಹದಿಂದ ಟಿವಿಗೆ ಬರುವುದರಿಂದ ಈ ಕಡ್ಡಿಯ ಗೊಡವೆಯಿಲ್ಲ. ಆದರೂ ದೂರು ನಿಂತಿಲ್ಲ. ಟಿವಿ ಹಚ್ಚಿ ಕಪ್ಪು ಪರದೆ ನೋಡುತ್ತಾ ಖಯಾಲ್ ಕೇಳುವುದು ಹೇಗೆ ಎನ್ನುತ್ತಾರೆ, ನ್ಯಾಯವಾಗಿಯೇ.

ದೊಡ್ಡ ಬದಲಾವಣೆಗಳ ಮುಂದೆ ಇವೆಲ್ಲ ಸಣ್ಣವು. 1940ರ ಮಾರ್ಚ್ 1ರಿಂದ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು. ಸ್ಥಿರ ಸ್ವರದ ಪೆಟ್ಟಿಗೆಯಲ್ಲಿ ಗಮಕ ಬಾರದು ಎಂಬುದು ಕಾರಣ, ಮೂರು ದಶಕ ನಡೆದದ್ದು ನಿಷೇಧ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳಿಗೆ ಬಾಗಿಲು ಬಿಗಿದು ಶಾಸ್ತ್ರೀಯ ಸಂಗೀತಕ್ಕೆ ಮಣೆ ಹಾಕಿದರು. ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಹುಟ್ಟಿದ್ದೂ ಆ ವರ್ಷವೇ. ಕೇಳುಗರು ವಾದಕ್ಕೆ ನಿಲ್ಲಲಿಲ್ಲ, ಸುಮ್ಮನೆ ರೇಡಿಯೋದ ಮುಳ್ಳನ್ನು ಸಿನಿಮಾ ಹಾಡು ಹಾಕುತ್ತಿದ್ದ ರೇಡಿಯೋ ಸಿಲೋನಿಗೆ ತಿರುಗಿಸಿದರು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದದ್ದು ಆ ತಿರುಗಿದ ಮುಳ್ಳನ್ನು ಹಿಂದಕ್ಕೆ ಕರೆಯಲು.

ಇಂದಿನವರು ಮುಳ್ಳು ತಿರುಗಿಸುವ ಬದಲು ಪತ್ರ ಬರೆಯುತ್ತಾರೆ. ತಾರೀಕು, ಗಂಟೆ, ತರಂಗಾಂತರ, ಕಲಾವಿದರ ಹೆಸರು, ಎಷ್ಟನೇ ನಿಮಿಷದಲ್ಲಿ ಏನಾಯಿತು, ಬದಲಿಗೆ ಯಾವ ಹೊತ್ತು ಬೇಕು, ಇಷ್ಟು ನಾಲ್ಕು ಸಾಲಿನಲ್ಲಿ ಬರೆದರೆ ಡ್ಯೂಟಿ ರೂಮಿನವರು ವರದಿಗೆ ಸೇರಿಸಿಕೊಳ್ಳಬಹುದು. "ಸಂಗೀತ ಸತ್ತಿತು" ಎಂದು ಬರೆದರೆ ಯಾವ ಕಾಲಂನಲ್ಲಿ ತುಂಬುವುದು? ಆದರೆ ಅರ್ಧ ಗಂಟೆಯನ್ನು ಕಾಲು ಗಂಟೆಗೆ ಇಳಿಸಿದ್ದಕ್ಕೆ ಸಿಟ್ಟಾದ ರಸಿಕರಿಗೆ ನಾಲ್ಕು ಸಾಲು ಸಾಲುವುದಿಲ್ಲ. ಅವರದು ಎಂಟು ಪುಟ. ಆಲಾಪನೆಗೇ ಮೂರು.